ಸೇವ್ ಒತ್ತಿದ್ರೆ ಉಳೀತು ಅಂದ್ಕೊಂಡ್ರಾ?

ಮೊನ್ನೆ ಭಾನುವಾರ ಪುಣೆಯ ನಮ್ಮ ಕನ್ನಡ ಬಳಗದ ಹುಡುಗನೊಬ್ಬ ಮನೆಗೆ ಬಂದಿದ್ದ. ಬಳಗದ ವೆಬ್‌ಸೈಟನ್ನ ಇನ್ಮುಂದೆ ಅವನು ನೋಡ್ಕೋತಾನಂತೆ, ಸರ್ವರಿನ ಪಾಸ್‌ವರ್ಡ್ ಬೇಕು ಅಂದ. ಎಲ್ಲಾ ಗಿಟ್‌ನಲ್ಲಿದೆ, ಕ್ಲೋನ್ ಮಾಡ್ಕೋ ಅಂದೆ. "ಅಯ್ಯೋ ಅಂಕಲ್, ಇಪ್ಪತ್ತು ಪುಟದ ಸೈಟಿಗೆ ಗಿಟ್ ಯಾಕೆ? ಎಡಿಟರಿಗೆ ಎಸ್‌ಎಫ್‌ಟಿಪಿ ಪ್ಲಗಿನ್ ಹಾಕ್ಕೊಂಡ್ರೆ ಸೇವ್ ಮಾಡಿದ ಕೂಡ್ಲೇ ಸರ್ವರಿಗೇ ಹೋಗತ್ತೆ!"

ಕಾಫಿ ಕೊಟ್ಟು ಕಳಿಸಿದೆ. ಪಾಸ್‌ವರ್ಡ್ ಕೊಡಲಿಲ್ಲ. ಬೇಜಾರು ಮಾಡ್ಕೊಂಡಿರ್ತಾನೆ, ಅದಕ್ಕೇ ಈ ಬರಹ.

ಅವನ ಮಾತನ್ನ ನಾನೂ ಆಡಿದವನೇ ಕಣ್ರೀ. ಐವತ್ತರ ದಶಕದಲ್ಲಿ ಗದಗದ ಕಡೆಯಿಂದ ಬಂದು ಇಲ್ಲಿ ನದಿ ಪಕ್ಕದ ಪೇಟೆಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸ್ತಿದ್ದ ಹಿರಿಯರೊಬ್ಬರು ನಮ್ಮ ಬಳಗದಲ್ಲಿದ್ದರು. ೧೯೬೧ರ ಜುಲೈ ೧೨ರಂದು ಪಾನಶೆತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದ ದಿನ ಅವರು ಕಂಡಿದ್ದನ್ನೆಲ್ಲಾ ಹೇಳ್ತಾ ಹೋದರು, ನಾನು ಟೈಪ್ ಮಾಡ್ತಾ ಹೋದೆ. ಪ್ರೂಫ್ ನೋಡಿ ಪಳಗಿದ ಕಣ್ಣು, ಬಿಡ್ತಾರಾ? ವಾರಕ್ಕೆರಡು ಸಲ ಫೋನ್. ಆ ಸಾಲು ತೆಗಿ, ಈ ಮಾತು ಸೇರಿಸು. ನಾನು ಎಡಿಟರಿನಲ್ಲಿ ಸರ್ವರಿನ ಫೈಲನ್ನೇ ತೆರೆದು ತಿದ್ದಿ ಕಂಟ್ರೋಲ್-ಎಸ್ ಒತ್ತುತ್ತಿದ್ದೆ. ಎಷ್ಟು ಸಲೀಸು!

೨೦೧೩ರಲ್ಲಿ ಇನ್ನೊಬ್ಬ ಗೆಳೆಯ ಮೆನುವಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿ, ತನ್ನ ಲ್ಯಾಪ್‌ಟಾಪಿನಲ್ಲಿದ್ದ ಮೂರು ತಿಂಗಳ ಹಳೇ ಫೋಲ್ಡರನ್ನ ಪೂರ್ತಿ ಅಪ್‌ಲೋಡ್ ಮಾಡಿದ. ಪ್ಲಗಿನ್ ಚಕಾರ ಎತ್ತಲಿಲ್ಲ. ನಮಗೆ ಗೊತ್ತಾಗಿದ್ದು ತಿಂಗಳ ನಂತರ, ಆ ಹಿರಿಯರು ತೀರಿಕೊಂಡ ಮೇಲೆ ಅವರ ಮೊಮ್ಮಗಳು ಪುಟ ಹುಡುಕಿದಾಗ. ಹೋಸ್ಟಿಂಗ್‌ನವರ ಹತ್ರ ಒಂದು ವಾರದ ಬ್ಯಾಕಪ್ ಮಾತ್ರ ಇತ್ತು. ಉಳಿದದ್ದು ಅರ್ಧಂಬರ್ಧ ಮೊದಲ ಕರಡು. ಮಿಕ್ಕಿದ್ದನ್ನ ಯಾರನ್ನ ಕೇಳೋಣ?

ಗೆಳೆಯನ ತಪ್ಪಲ್ಲ ಬಿಡಿ. ಎಫ್‌ಟಿಪಿ ಇರೋದೇ ಹಾಗೆ. ೧೯೭೧ರಲ್ಲಿ ಅದರ ಮೊದಲ ಕರಡು ಬರೆದ ಅಭಯ್ ಭೂಷಣ್ ನಮ್ಮ ಕಾನ್ಪುರ ಐಐಟಿಯಲ್ಲಿ ಓದಿ ಎಂಐಟಿಗೆ ಹೋದವರು. ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲ್ ಸಾಗಿಸೋಕೆ ಅಂತ ಮಾಡಿದ್ದು. ೧೯೮೫ರ ಆರ್‌ಎಫ್‌ಸಿ ೯೫೯ ತೆಗೆದು ನೋಡಿ: ಅದೇ ಹೆಸರಿನ ಫೈಲ್ ಅಲ್ಲಿದ್ದರೆ ಹೊಸದು ಹಳೇದರ ಜಾಗಕ್ಕೆ ಕೂರಬೇಕು ಅಂತ ಸ್ಪಷ್ಟವಾಗೇ ಇದೆ. ಅಂಚೆಯವನು ಪೆಟ್ಟಿಗೆಯಲ್ಲಿ ಏನಿದೆ ಅಂತ ಕೇಳ್ತಾನಾ? ನಾವು ಅಂಚೆಯವನ ಕೈಗೆ ಉಗ್ರಾಣದ ಬೀಗ ಕೊಟ್ಟೆವು. ನನ್ನ ತಕರಾರು ಅದು.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಪಿಪಿ ಎಫ್‌ಟಿಪಿ ಇರಲಿ, ಸಬ್ಲೈಮ್‌ನ ಎಸ್‌ಎಫ್‌ಟಿಪಿ ಇರಲಿ, ಎಲ್ಲವೂ ಒಳ್ಳೇ ಸಾಧನಗಳೇ. ಸಬ್ಲೈಮ್‌ನದರಲ್ಲಿ ಸರ್ವರಿನ ಫೈಲ್ ಹೊಸದಾಗಿದ್ದರೆ ಎಚ್ಚರಿಸೋ ಆಯ್ಕೆಯೂ ಇದೆ, ಆದ್ರೆ ನಾವಾಗೇ ಹೋಗಿ ಅದನ್ನ ಹಾಕ್ಕೋಬೇಕು. ಯಾರು ಹಾಕ್ಕೋತಾರೆ ಸ್ವಾಮಿ? ಜೊತೆಗೆ ಪಾಸ್‌ವರ್ಡನ್ನ ಕಾನ್ಫಿಗ್ ಫೈಲಿನಲ್ಲಿ ಬಟಾಬಯಲಾಗಿ ಬರೆದಿಡೋ ಚಟ ಬೇರೆ.

ಗಿಟ್ ವಿಷಯಕ್ಕೆ ಬನ್ನಿ. ೨೦೦೫ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಬರೆದಿದ್ದು ನಿಜ, ಅಷ್ಟಕ್ಕೇ ಅದು ದೊಡ್ಡವರ ಸೊತ್ತಲ್ಲ. ನನಗಿಂತ ಮುಂಚೆ ನೀವು ಏನಾದ್ರೂ ಕಳಿಸಿದ್ದರೆ ನನ್ನ ಪುಶ್ಶನ್ನ ಅದು ತಿರಸ್ಕರಿಸತ್ತೆ. ಮೊದಲು ಅವರದ್ದು ತಗೊಂಡು ಬಾ, ಆಮೇಲೆ ಮಾತಾಡು ಅನ್ನತ್ತೆ. ಈ ಒಂದು ಗದರಿಕೆ ಅವತ್ತು ಇದ್ದಿದ್ದರೆ...

"ಸಣ್ಣ ಸೈಟು" ಅನ್ನೋ ವಾದವೇ ತಲೆಕೆಳಗು. ದೊಡ್ಡ ಕಂಪನಿಯಲ್ಲಿ ಬ್ಯಾಕಪ್ ನೋಡೋಕೆ ಸಂಬಳದ ಜನ ಇರ್ತಾರೆ. ನಮ್ಮಂಥ ಬಳಗದ ಸೈಟು ನೋಡೋದು ಭಾನುವಾರ ಬಿಡುವಾದವರು, ಅದೂ ಎರಡು ವರ್ಷಕ್ಕೊಬ್ಬರು. ನೆನಪಿಟ್ಟುಕೊಳ್ಳೋ ಯಂತ್ರ ಹೆಚ್ಚು ಬೇಕಾಗಿರೋದು ಯಾರಿಗೆ?

ಅಗ್ಗದ ಹೋಸ್ಟಿಂಗಿನಲ್ಲಿ ಗಿಟ್ ಇಲ್ಲ ಅಂತೀರಾ? ಬೇಡವೇ ಬೇಡ. ಮೂಲ ಪ್ರತಿ ನಿಮ್ಮ ರೆಪಾಸಿಟರಿಯಲ್ಲಿರಲಿ, ಇನ್ನೊಂದು ನಕಲು ಬೇರೆ ಕಡೆ ಇರಲಿ. ಕಮಿಟ್ ಆದ ಮೇಲೆ ಅದೇ ಪ್ಲಗಿನ್‌ನಿಂದಲೇ ಸರ್ವರಿಗೆ ಕಳಿಸಿ, ಯಾರು ಬೇಡ ಅಂದ್ರು? ಸೇವ್ ಒಂದು ಕೆಲಸ, ಪ್ರಕಟಣೆ ಇನ್ನೊಂದು, ಎರಡಕ್ಕೂ ಒಂದೇ ಕೀ ಬೇಡ ಅಷ್ಟೇ. (ಡಾಟ್ ಗಿಟ್ ಫೋಲ್ಡರನ್ನ ಮಾತ್ರ ಸೈಟಿನೊಳಗೆ ಹಾಕಬೇಡಿ, ಇತಿಹಾಸವೆಲ್ಲಾ ಊರಿಗೇ ತೆರೆದಿಟ್ಟ ಹಾಗಾಗತ್ತೆ.) ಕಮಾಂಡ್ ಬೇಡವಾದ್ರೆ ವಿಎಸ್ ಕೋಡ್‌ನಲ್ಲಿ ಗಿಟ್ ಒಳಗೇ ಬರತ್ತೆ, ಈಮ್ಯಾಕ್ಸ್‌ನವರಿಗೆ ಮ್ಯಾಗಿಟ್, ವಿಮ್‌ನವರಿಗೆ ಫ್ಯುಜಿಟಿವ್ ಇವೆ.

ಗಿಟ್ ಕನ್ನಡಕ್ಕೆ ತೊಂದರೆ ಕೊಡಲ್ಲ ಅಂತೇನಿಲ್ಲ. ಫೈಲಿಗೆ ಕನ್ನಡದ ಹೆಸರಿಟ್ಟರೆ ಸ್ಟೇಟಸ್ಸಿನಲ್ಲಿ ೩೪೦, ೨೬೨ ಅಂತ ಅಂಕಿಗಳನ್ನ ಕಾರತ್ತೆ. ಕೋರ್ ಡಾಟ್ ಕೋಟ್‌ಪಾತ್ ಅನ್ನೋದನ್ನ ಫಾಲ್ಸ್ ಮಾಡಿ, ಹೆಸರು ಹೆಸರಾಗೇ ಕಾಣತ್ತೆ. ಉದ್ದ ಪ್ಯಾರಾದಲ್ಲಿ ಒಂದು ಪದ ತಿದ್ದಿದರೆ ಡಿಫ್ ಇಡೀ ಪ್ಯಾರಾ ತೋರಿಸತ್ತೆ, ಅದಕ್ಕೆ ವರ್ಡ್-ಡಿಫ್ ಇದೆ. ಎರಡೂ ಸೇರಿ ಐದು ನಿಮಿಷದ ಕೆಲಸ.

ಹುಡುಗ ನಿನ್ನೆ ಫೋನ್ ಮಾಡಿದ್ದ, ಬರೋ ಭಾನುವಾರ ಮತ್ತೆ ಬರ್ತಾನಂತೆ. ಲ್ಯಾಪ್‌ಟಾಪ್ ತಗೊಂಡು ಬಾ ಅಂದಿದೀನಿ. ಪಾಸ್‌ವರ್ಡ್ ಆಮೇಲೆ ನೋಡೋಣ.