ಪಾತ್ರವನ್ನು ಪೂರ್ತಿ ಹೇಳಿಬಿಡಬೇಡಿ

ಅಕ್ಷರಗಳಲ್ಲೇ ನಡೆಯುವ ಕಂಪ್ಯೂಟರ್ ಆಟಗಳಲ್ಲಿ ಚಿತ್ರವಿಲ್ಲ. ಬೇರೆ ಬೇರೆ ಊರಿನ ಹತ್ತಾರು ಜನ ಒಂದೇ ಲೋಕದೊಳಗೆ ಬಂದು, ಆಡುವ ಮಾತನ್ನೂ ಮಾಡುವ ಕೆಲಸವನ್ನೂ ಟೈಪ್ ಮಾಡುತ್ತ ಆಡುತ್ತಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದ ಹೆಸರೇ ಇಂಥ ಆಟಗಳ ಇಡೀ ಕುಲಕ್ಕೆ ನಿಂತಿತು. 1990ರಲ್ಲಿ ಬಂದ ‘ಲ್ಯಾಂಬ್ಡಾಮೂ’ ಲೋಕದಲ್ಲಿ ಪ್ರತಿಯೊಬ್ಬರೂ ತಮ್ಮ ವರ್ಣನೆಯನ್ನು ತಾವೇ ಬರೆದಿಡಬಹುದಿತ್ತು. ಇನ್ನೊಬ್ಬರು ‘ಲುಕ್’ ಎಂದು ಟೈಪ್ ಮಾಡಿದರೆ ಕಾಣುವ ಆ ನಾಲ್ಕು ಸಾಲೇ ಅವರ ಮುಖ. ಆ ನಾಲ್ಕು ಸಾಲಿನಲ್ಲಿ ಪಾತ್ರದ ಹುಟ್ಟು, ಹಗೆ, ಗುಟ್ಟು, ಪರಾಕ್ರಮ ಎಲ್ಲವನ್ನೂ ತುಂಬಿಬಿಡುವ ಆಸೆ ಸಹಜ. ಆದರೆ ಆಟವನ್ನು ಕೆಡಿಸುವುದೂ ಅದೇ. ವರ್ಣನೆಯಲ್ಲಿ ಕಣ್ಣಿಗೆ ಕಾಣುವುದಷ್ಟೇ ಇರಬೇಕು. ಉಳಿದದ್ದು ಜೊತೆಗಾರರು ಕೇಳಿ, ಕೆಣಕಿ, ಪತ್ತೆಹಚ್ಚಬೇಕಾದ ಪಾಲು.

ಇದನ್ನು ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ಚೆನ್ನಾಗಿ ಅರಿತಿದ್ದವರು ವಾರಾಣಸಿಯ ದೇವಕೀನಂದನ ಖತ್ರಿ. ಚಕಿಯಾ, ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದ ಅವರು ಅಲ್ಲಿನ ಬೆಟ್ಟ, ಕಣಿವೆ, ಪಾಳುಕೋಟೆಗಳನ್ನೇ ಕಥೆಯ ನೆಲವಾಗಿಸಿ ಬರೆದ ‘ಚಂದ್ರಕಾಂತಾ’ ಎಂಬ ಹಿಂದಿ ಕಾದಂಬರಿ 1888ರಲ್ಲಿ ಬಂತು. ಅದನ್ನು ಓದುವ ಸಲುವಾಗಿಯೇ ಜನ ಹಿಂದಿ ಕಲಿತರೆಂಬುದು ಹಿಂದಿ ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಮಾತು. 1990ರ ದಶಕದ ದೂರದರ್ಶನ ಧಾರಾವಾಹಿಯಿಂದ ಅದರ ಖಳನಾಯಕ ಕ್ರೂರಸಿಂಹ ನಮ್ಮ ಮನೆಗಳಿಗೂ ಪರಿಚಿತನಾದ. ಆ ಕಾದಂಬರಿಯ ಜೀವಾಳ ಐಯಾರರು, ಅಂದರೆ ವೇಷ ಮರೆಸುವುದರಲ್ಲಿ ಪಳಗಿದ ಗೂಢಚಾರರು. ಅವರನ್ನು ನಾವು ಅರಿಯುವುದು ಹಿಡಿದ ವಸ್ತುಗಳಿಂದ ಮತ್ತು ಮಾಡುವ ಕೆಲಸದಿಂದ: ಗೋಡೆ ಹತ್ತುವ ಹಗ್ಗ, ಹೆಗಲಿನ ಬಟುವೆ, ಅದರೊಳಗೆ ಮೂರ್ಛೆ ಬರಿಸುವ ಪುಡಿ, ಮೂರ್ಛೆ ಕಳೆಯಲು ಮೂಸಿಸುವ ಮದ್ದು. ಒಬ್ಬ ಇನ್ನೊಬ್ಬನ ಮುಖ ತೊಟ್ಟು ಬಂದಾಗ ಗೆಳೆಯರೂ ಗುರುತಿನ ಮಾತು ಕೇಳಿಯೇ ನಂಬಬೇಕು. ಎದುರಿಗಿರುವವನು ನಿಜವಾಗಿ ಯಾರೆಂದು ಹಣೆಯ ಮೇಲೆ ಬರೆದಿದ್ದರೆ ಅಲ್ಲಿ ಕಥೆಯೇ ಇರುತ್ತಿರಲಿಲ್ಲ.

ಅಕ್ಷರದ ಆಟದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಕಾಶಿಯ ಘಾಟಿನಲ್ಲೇ ಒಂದು ಪಾತ್ರವನ್ನು ಕಟ್ಟೋಣ. ‘ಇವನು ಕಾಶಿಯ ಅತಿ ಭಯಂಕರ ಅಂಬಿಗ, ಕಂಡವರೆಲ್ಲ ನಡುಗುತ್ತಾರೆ, ಅಣ್ಣನನ್ನು ಕೊಂದವರನ್ನು ಹುಡುಕುತ್ತಿದ್ದಾನೆ’ ಎಂದು ಬರೆದರೆ, ನಡುಗಬೇಕೋ ಬೇಡವೋ ಎಂಬ ನನ್ನ ಆಯ್ಕೆಯನ್ನು ಬರೆದವರು ಕಸಿದುಕೊಂಡರು, ನಾನು ಪತ್ತೆಹಚ್ಚಬೇಕಾದ ಗುಟ್ಟನ್ನು ದಾರಿಹೋಕರಿಗೂ ಹಂಚಿದರು. ಅದರ ಬದಲು ಹೀಗೆ ಬರೆಯಬಹುದು: ‘ನಡುವಯಸ್ಸಿನ ಅಂಬಿಗ. ಬಲಗೈಗೆ ಹೆಬ್ಬೆರಳಿಲ್ಲ. ಪಂಚೆಗೆ ತೇಪೆ ಹಾಕಿದೆ, ಸೊಂಟದ ಬೀಗದಕೈ ಮಾತ್ರ ಹೊಸದು. ಮೆಟ್ಟಿಲಿಳಿದು ಬಂದವರ ಕಾಲನ್ನು ಮೊದಲು ನೋಡುತ್ತಾನೆ.’ ಬೆರಳು ಹೇಗೆ ಹೋಯಿತೆಂದು ಒಬ್ಬರು ಕೇಳಬಹುದು, ಬೀಗದಕೈ ಕದಿಯಲು ಇನ್ನೊಬ್ಬರು ಹೊಂಚಬಹುದು, ಮತ್ತೊಬ್ಬರು ಕಾಲು ಮುಚ್ಚಿಕೊಂಡು ಬರಬಹುದು. ಒಂದೊಂದು ವಾಕ್ಯವೂ ಬೇರೆಯವರಿಗೆ ಒಂದೊಂದು ದಾರಿ ತೆರೆಯುತ್ತದೆ.

ಕಾದಂಬರಿಯನ್ನು ಬರೆಯುವವರು ಒಬ್ಬರೇ, ಕೊನೆ ಅವರಿಗೆ ಗೊತ್ತು; ಹತ್ತು ಜನ ಸೇರಿ ಆಡುವ ಆಟಕ್ಕೆ ಅದರ ಪಾಠ ಹೊಂದದು ಎಂಬ ಆಕ್ಷೇಪಕ್ಕೆ ತೂಕವಿದೆ. ಉತ್ತರ ನಮ್ಮ ಯಕ್ಷಗಾನದ ತಾಳಮದ್ದಳೆಯಲ್ಲಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟಿದರು. ಎದುರಾಳಿ ಏನು ಉತ್ತರಿಸುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಅವನ ಪ್ರಶ್ನೆಗೆ ಜವಾಬು ಕೊಡುತ್ತ ಕೊಡುತ್ತಲೇ ಪಾತ್ರ ಬೆಳೆಯುತ್ತದೆ. ಹೊರಗಣ್ಣಿಗೆ ಕಾಣುವುದನ್ನಷ್ಟೇ ಹೇಳಿದರೆ ಪಾತ್ರದ ಆಳ ತಪ್ಪುತ್ತದೆ ಎಂಬ ಅಂಜಿಕೆಗೂ ಇದೇ ಸಮಾಧಾನ. ಹಿನ್ನೆಲೆಯನ್ನು ಆಟಗಾರ ಮನಸ್ಸಿನಲ್ಲಿ ಎಷ್ಟು ಬೇಕಾದರೂ ಕಟ್ಟಿಕೊಳ್ಳಲಿ, ಆದರೆ ಅದು ಸಂದರ್ಭ ಬಂದಾಗ ನಡೆನುಡಿಯಲ್ಲಿ ಹೊರಬರಲಿ.

ಚಿತ್ರಗಳು ಇಷ್ಟು ಬೆಳೆದಿರುವಾಗ ಅಕ್ಷರದ ಆಟ ಯಾಕೆ ಎಂದೂ ಕೇಳಬಹುದು. ಅದಕ್ಕೆ ದುಬಾರಿ ಯಂತ್ರ ಬೇಡ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಣ್ಣು ಕಾಣದವರೂ ಸರಿಸಮನಾಗಿ ಆಡುತ್ತಾರೆ. ಯೂನಿಕೋಡ್ ಬಂದಮೇಲೆ ಕನ್ನಡದಲ್ಲಿ ಇಂಥ ಲೋಕ ಕಟ್ಟಲು ಲಿಪಿಯ ಅಡ್ಡಿಯೂ ಇಲ್ಲ. ನಮ್ಮ ತಂತ್ರಜ್ಞರು, ಬರಹಗಾರರು, ಶಾಲೆಯ ಕನ್ನಡ ಮೇಷ್ಟ್ರುಗಳು ಕೂಡಿ ಈ ಕೆಲಸಕ್ಕೆ ಕೈಹಾಕಬೇಕು. ಮಕ್ಕಳಿಗೆ ಕಲಿಸಬೇಕಾದ ನಿಯಮ ಒಂದೇ: ವರ್ಣನೆಯ ಪ್ರತಿ ಸಾಲು ಬರೆದಮೇಲೂ, ಇದನ್ನು ಓದಿದವರು ಈಗ ಏನು ಮಾಡಬಹುದು ಎಂದು ಕೇಳಿಕೊಳ್ಳಿ, ಉತ್ತರ ಹೊಳೆಯದಿದ್ದರೆ ಆ ಸಾಲು ತೆಗೆಯಿರಿ. ಹಾಗೆ ಬರೆಯಲು ಕಲಿತ ಮಗು ಎದುರಿನವರಿಗೂ ಜಾಗ ಬಿಟ್ಟು ಮಾತಾಡಲು ಕಲಿಯುತ್ತದೆ.