ದೆವ್ವದ ದೀಪವನ್ನೂ ತಾಳೆ ನೋಡೋಣ

ಕಳೆದ ಬೇಸಿಗೆ ರಜೆಯಲ್ಲಿ ಮಿಷಿಗನ್‌ನ ನಾವು ಮೂರು ಕನ್ನಡ ಕುಟುಂಬಗಳು ‘ದೆವ್ವದ ಬೆಳಕು’ ನೋಡಿ ಬಂದೆವು. ಕಾಡಿನ ನಡುವೆ ತೂಗಾಡುವ ಬಿಳಿ ಬೆಳಕಿನ ವಿಡಿಯೊವನ್ನು ಮಕ್ಕಳು ರಾತ್ರಿಯೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಅಲ್ಲಿ ಬೆಳಗಿನ ಕಾಫಿ ಹೊತ್ತು. ತಕ್ಷಣ ಫೋನ್‌ಗಳು ಶುರುವಾದವು: ಮಕ್ಕಳನ್ನು ಅಂಥ ಕಡೆ ಯಾಕೆ ಕರೆದುಕೊಂಡು ಹೋದಿರಿ, ಮೊದಲು ದೃಷ್ಟಿ ತೆಗೆಯಿರಿ.

ಆ ಆತಂಕದ ಹಿಂದೆ ಪ್ರೀತಿ ಇದೆ, ನಗುವ ಮಾತಲ್ಲ. ಆದರೆ ವಾರದೊಳಗೆ ನಮ್ಮಲ್ಲೊಬ್ಬರ ತಾಯಿಯ ಬಳಿ ಯಾರೋ ಬಂದು, ‘ಶಾಂತಿ ಮಾಡಿಸದಿದ್ದರೆ ಮೊಮ್ಮಕ್ಕಳಿಗೆ ಒಳ್ಳೆಯದಲ್ಲ’ ಎಂದು ಮೂವತ್ತು ಸಾವಿರ ಕೇಳಿದರು. ಮಕ್ಕಳು ವಿದೇಶದಲ್ಲಿರುವ ಮನೆಯಲ್ಲಿ ದುಡ್ಡೂ ಇರುತ್ತದೆ, ಭಯವೂ ಇರುತ್ತದೆ ಎಂಬ ಲೆಕ್ಕ ಇಂಥವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಆ ಬೆಳಕು ಏನೆಂದು ಹೇಳಿಬಿಡುವುದೇ ಒಳ್ಳೆಯದು.

ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ, ವಿಸ್ಕಾನ್ಸಿನ್ ಗಡಿಗೆ ಹತ್ತಿರ, ಪಾಲ್ಡಿಂಗ್ ಎಂಬ ಸಣ್ಣ ಊರಿದೆ. ಹೆದ್ದಾರಿ 45ರಿಂದ ಒಳಕ್ಕೆ ಹೋಗುವ ರಾಬಿನ್ಸ್ ಪಾಂಡ್ ರಸ್ತೆಯ ಕೊನೆಯಲ್ಲಿ ನಿಂತರೆ, ಕತ್ತಲಾದ ಮೇಲೆ ಮರಗಳ ಸಾಲಿನಾಚೆ ಬೆಳಕೊಂದು ಹುಟ್ಟಿ, ಮಿನುಗಿ, ಮಾಯವಾಗುತ್ತದೆ. ಒಮ್ಮೆ ಬಿಳಿ, ಒಮ್ಮೆ ಕೆಂಪು. 1966ರಲ್ಲಿ ಹದಿಹರೆಯದ ಹುಡುಗರು ಇದನ್ನು ಕಂಡು ಶೆರಿಫ್‌ಗೆ ತಿಳಿಸಿದ್ದರು. ರೈಲು ಅಪಘಾತ ತಪ್ಪಿಸಲು ಹೋಗಿ ಸತ್ತ ರೈಲ್ವೆ ನೌಕರನೊಬ್ಬ ಇಂದಿಗೂ ಲಾಟೀನು ಬೀಸುತ್ತಿದ್ದಾನೆ ಎಂಬುದು ಅಲ್ಲಿನ ಕಥೆ.

2010ರಲ್ಲಿ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿಗೆ ದೂರದರ್ಶಕ ಹೊತ್ತೊಯ್ದರು. ಅದರಲ್ಲಿ ಕಂಡದ್ದು ಸುಮಾರು ಏಳು ಕಿಲೋಮೀಟರ್ ಆಚೆ ಅದೇ ಹೆದ್ದಾರಿ 45ರ ಏರಿನಲ್ಲಿ ಓಡುತ್ತಿದ್ದ ಕಾರುಗಳು. ಅಷ್ಟಕ್ಕೇ ಅವರು ಬಿಡಲಿಲ್ಲ. ತಮ್ಮವರೊಬ್ಬರನ್ನು ಆ ಹೆದ್ದಾರಿಗೆ ಕಳಿಸಿ, ಅಪಾಯ ಸೂಚಕ ದೀಪ ಹಾಕಿಕೊಂಡು ಕಾರು ಓಡಿಸಲು ಹೇಳಿದರು. ದೆವ್ವವೂ ಅದೇ ತಾಳಕ್ಕೆ ಮಿಣುಕಿತು! ಎದುರು ಬರುವ ಕಾರಿನ ದೀಪ ಬಿಳಿ, ಹಿಂದಿರುಗುವ ಕಾರಿನ ದೀಪ ಕೆಂಪು. ಲಾಟೀನಿಗೆ ಎರಡು ಬಣ್ಣ ಬಂದದ್ದು ಹೀಗೆ.

ಕಾರಿಗೆ ಎರಡು ದೀಪ, ದೆವ್ವಕ್ಕೆ ಒಂದೇ ಯಾಕೆ ಎಂದು ನಮ್ಮ ಮಕ್ಕಳೂ ಕೇಳಿದರು. ಲೆಕ್ಕ ಸುಲಭ. ಎರಡು ದೀಪಗಳ ನಡುವೆ ಸುಮಾರು ಒಂದೂವರೆ ಮೀಟರ್, ನೋಡುವವರಿಗೆ ಏಳು ಸಾವಿರ ಮೀಟರ್ ದೂರ. ಅಷ್ಟು ದೂರದಿಂದ ಅಷ್ಟು ಸಣ್ಣ ಅಂತರವನ್ನು ಬರಿಗಣ್ಣು ಬಿಡಿಸಿ ನೋಡಲಾರದು, ಎರಡೂ ಸೇರಿ ಒಂದೇ ಚುಕ್ಕೆಯಾಗುತ್ತದೆ. ನಡುವಿನ ಬಿಸಿ, ತಣ್ಣನೆಯ ಗಾಳಿ ಆ ಚುಕ್ಕೆಯನ್ನು ನಡುಗಿಸುತ್ತದೆ.

ಲೆಕ್ಕಪರಿಶೋಧನೆಯಲ್ಲಿ ನಾವು ಮಾಡುವುದೂ ಇದನ್ನೇ. ಪುಸ್ತಕದಲ್ಲಿ ಬ್ಯಾಂಕ್ ಬಾಕಿ ಇಷ್ಟು ಎಂದು ಬರೆದಿದ್ದರೆ ಸಾಲದು, ಬ್ಯಾಂಕಿಗೇ ಪತ್ರ ಬರೆದು ಕೇಳುತ್ತೇವೆ. ಆಚೆ ತುದಿಯಿಂದ ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ. ಇದು ಪರದೇಶದಿಂದ ಕಲಿಯಬೇಕಾದ ಬುದ್ಧಿಯೇನಲ್ಲ. ಪಕ್ಕದ ಓಹಿಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಊರಿಗೆ ಮರಳಿದ ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲೇ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದ್ದರು.

ಹಾಗೆಂದು ಕಥೆಯನ್ನೇ ಬಿಸಾಡಬೇಕೆಂದು ನಾವು ಹೇಳುತ್ತಿಲ್ಲ. ಗದ್ದೆ ಬದುವಿನ ಮೇಲೆ ನಡೆದುಹೋಗುವ ಕೊಳ್ಳಿದೆವ್ವದ ಕಥೆ ಕೇಳಿಯೇ ನಾವೂ ಅಜ್ಜಿಯ ಸೆರಗು ಹಿಡಿದು ಮಲಗಿದವರು. ಆ ಕೊಳ್ಳಿಗಳಲ್ಲಿ ಎಷ್ಟೋ, ಸೂಡಿ ಹಿಡಿದು ತಡವಾಗಿ ಮನೆಗೆ ಮರಳುತ್ತಿದ್ದ ಯಾರದೋ ದಾರಿದೀಪ ಇದ್ದಿರಬಹುದು. ಅಜ್ಜಿಯರು ವಿಡಿಯೊ ಕಾಲ್‌ನಲ್ಲಿ ಮೊಮ್ಮಕ್ಕಳಿಗೆ ಆ ಕಥೆಗಳನ್ನು ಧಾರಾಳವಾಗಿ ಹೇಳಲಿ. ಅಮೆರಿಕದ ಮಕ್ಕಳು ಕನ್ನಡಕ್ಕೆ ಕಿವಿ ಕೊಡಲು ದೆವ್ವದ ಕಥೆಗಿಂತ ಒಳ್ಳೆಯ ನೆಪ ಇಲ್ಲ. ಕಥೆಯ ಹೆಸರಿನಲ್ಲಿ ಹಣ ಕೇಳುವವರು ಬಂದಾಗ ಮಾತ್ರ ಬಾಗಿಲು ಮುಚ್ಚಬೇಕು.

ಊರಿನಲ್ಲಿರುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಇಂಥ ವಿಡಿಯೊ ಬಂದರೆ ಪಕ್ಕದ ಮನೆಯವರನ್ನು ಕೇಳುವ ಮೊದಲು ನಮಗೆ ಫೋನ್ ಮಾಡಿ. ಎಲ್ಲಿ ತೆಗೆದದ್ದು, ಎಷ್ಟು ಹೊತ್ತಿಗೆ, ಆ ದಿಕ್ಕಿನಲ್ಲಿ ಏನಿದೆ ಎಂದು ಕೇಳಿ. ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ, ನಾವು ಎದ್ದು ಮಾತಾಡುತ್ತೇವೆ. ಮೂವತ್ತು ಸಾವಿರ ಕೊಡದೆ ಮಗನಿಗೆ ಫೋನ್ ಮಾಡಿದ ಆ ತಾಯಿ ಮುಂದಿನ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದಾರೆ. ಪಾಲ್ಡಿಂಗ್ ನೋಡಲೇಬೇಕಂತೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಪೂರ್ತಿ ಕತ್ತಲಾಗುವುದಿಲ್ಲ, ಸೊಳ್ಳೆಯೂ ಜಾಸ್ತಿ. ಸ್ವೆಟರ್ ತರಲು ಹೇಳಿದ್ದೇವೆ. ದೂರದರ್ಶಕ ನಮ್ಮ ಬಳಿ ಇದೆ.