ಅದೃಷ್ಟ ಸಂತೆಯಲ್ಲಿ ಸಿಗುತ್ತದೆ, ಆದರೆ ದಿನಾ ಹೋಗಬೇಕು

ಕಳೆದ ಸೋಮವಾರ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಒಬ್ಬ ಹುಡುಗ ಬಂದ. ಪಿಯುಸಿಗೆ ಕೈಮುಗಿದು ಹೊರಬಿದ್ದವನು. "ಸಾರ್, ನಾನೂ ರಿಪೋರ್ಟರ್ ಆಗ್ಬೇಕು. ಆದ್ರೆ ನಿಮಗಿರೋ ಲಕ್ಕು ನಮಗೆಲ್ಲಿ ಬರ್ಬೇಕು?" ಅಂದ.

ನಗು ಬಂತು. ಈ ಅಂಕಣ ಬರೆಯುವವನೂ ಪಿಯುಸಿ ಅರ್ಧಕ್ಕೇ ಬಿಟ್ಟವನು. ಹುಡುಗ ಲಕ್ಕು ಅಂದದ್ದು ನಮ್ಮ ಸಂತೆ ಸುಂಕದ ಸುದ್ದಿಗೆ. ಬೋರ್ಡಿನ ಮೇಲೆ 20 ರೂಪಾಯಿ, ಕಿತ್ತುಕೊಳ್ಳುತ್ತಿದ್ದದ್ದು 40. ಸುದ್ದಿ ಬಂದ ಮೇಲೆ ವಸೂಲಿ ನಿಂತಿತು. "ಅದೃಷ್ಟವಂತ ಕಣಯ್ಯಾ" ಅಂತ ಅಂಗಡಿಯವರೂ ಬೆನ್ನು ತಟ್ಟಿದರು.

ಏನು ಅದೃಷ್ಟ ಸ್ವಾಮಿ? ಈರುಳ್ಳಿ ಮಾರುವ ಅಜ್ಜಿಯೊಬ್ಬಳು ಸೀರೆ ಸೆರಗಿನ ಗಂಟು ಬಿಚ್ಚಿ ಸುಂಕದ ಚೀಟಿ ತೋರಿಸಿದಳು, ಅಷ್ಟೆ. ಆದರೆ ಆ ಗಂಟು ಬಿಚ್ಚಲು ಅವಳಿಗೆ ಎರಡು ವರ್ಷ ಬೇಕಾಯಿತು. ಎರಡು ವರ್ಷ ಪ್ರತಿ ಸಂತೆಗೂ ಹೋಗಿ, "ಏನಜ್ಜಿ, ವ್ಯಾಪಾರ ಹೆಂಗೆ?" ಅಂತ ಕೇಳಿದ್ದೆ. ಆಮೇಲೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 2005ರ ಆ ಕಾಯಿದೆಯಲ್ಲಿ ಉತ್ತರಕ್ಕೆ 30 ದಿನದ ಗಡುವಿದೆ. ದರದ ಪಟ್ಟಿ ಕೈಗೆ ಬಂತು. ಇದರಲ್ಲಿ ಜಾತಕದ ಪಾಲೆಷ್ಟು, ಚಪ್ಪಲಿ ಸವೆತದ ಪಾಲೆಷ್ಟು, ನೀವೇ ಲೆಕ್ಕ ಹಾಕಿ.

ನನ್ನ ಕೆಟ್ಟ ಕಾಲ!

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಒಂದು ಮಳೆಗಾಲದಲ್ಲಿ ರೈತರೊಬ್ಬರು ಬಸ್ಸಿನಲ್ಲಿ ಸಿಕ್ಕಿ, "ನಮ್ಮೂರ ಸ್ಕೂಲು ಗೋಡೆ ಬಿರುಕು ಬಿಟ್ಟೈತೆ, ಒಸಿ ಬಂದು ನೋಡಿ" ಅಂದರು. "ನಾಳೆ ಬರ್ತೀನಿ" ಅಂದೆ. ನಾಳೆ ನಾಡಿದ್ದಾಯಿತು. ಶನಿವಾರ ರಾತ್ರಿ ಗೋಡೆ ಬಿತ್ತು. ಮಕ್ಕಳಿರಲಿಲ್ಲ, ದೇವರು ದೊಡ್ಡವನು. ಮರುದಿನ ಬೇರೆ ಪತ್ರಿಕೆಯಲ್ಲಿ ಸುದ್ದಿ. "ಬ್ಯಾಡ್ ಲಕ್" ಅಂತ ಸ್ನೇಹಿತರು ಸಮಾಧಾನ ಹೇಳಿದರು. ಸುಳ್ಳು. ನಾನು ಹೋಗಲಿಲ್ಲ, ಅದೇ ನಿಜ. ಆ ರೈತರು ಇವತ್ತಿಗೂ ನನ್ನ ಕಂಡರೆ ಮುಖ ತಿರುಗಿಸುತ್ತಾರೆ.

ಮೆಟ್ರಿಕ್ ಫೇಲಾದ ಸಂಪಾದಕರು

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಮೆಟ್ರಿಕ್ ಪಾಸಾಗಲಿಲ್ಲ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ಪತ್ರಿಕೆಗಳಿಗೆ ಬರೆಯತೊಡಗಿದರು, ಕೊನೆಗೆ ತಾವೇ ಪತ್ರಿಕೆ ನಡೆಸಿದರು. 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸರ್ಟಿಫಿಕೇಟು ಇರಲಿಲ್ಲ, ಓದು ಮಾತ್ರ ಸಾಯುವವರೆಗೂ ಬಿಡಲಿಲ್ಲ.

ಅಮೆರಿಕದ ವಾಟರ್‌ಗೇಟ್ ಕಥೆಯನ್ನೂ ನೋಡಿ. 1972ರ ಜೂನ್ 17, ಶನಿವಾರ. ಕಚೇರಿಯೊಂದಕ್ಕೆ ನುಗ್ಗಿದ ಐದು ಮಂದಿಯನ್ನು ಕೋರ್ಟಿಗೆ ತಂದರು. ವಾಷಿಂಗ್ಟನ್ ಪೋಸ್ಟಿಗೆ ಸೇರಿ ವರ್ಷವೂ ಆಗದ ವುಡ್‌ವರ್ಡ್ ಅಲ್ಲಿಗೆ ಹೋದ. ಕಳ್ಳತನದ ಸಣ್ಣ ಕೇಸು ಅಂತ ಹಿಂದೆ ಕೂತಿದ್ದರೆ ಮುಗಿಯಿತು. ಮುಂದಿನ ಸಾಲಿಗೆ ಹೋಗಿ ಕಿವಿಗೊಟ್ಟ. ಆರೋಪಿಯೊಬ್ಬ ತಾನು ಮೊದಲು ಸಿಐಎಯಲ್ಲಿದ್ದೆ ಅಂತ ಜಡ್ಜಿಗೆ ಪಿಸುಗುಟ್ಟಿದ್ದು ಕೇಳಿಸಿತು. ಅವನ ಜೊತೆಗಾರ ಬರ್ನ್‌ಸ್ಟೀನ್ ಕಾಲೇಜು ಮುಗಿಸದವನು. ಹದಿಹರೆಯದಲ್ಲೇ ಪತ್ರಿಕಾ ಕಚೇರಿಯಲ್ಲಿ ಕಾಪಿ ಹೊರುವ ಹುಡುಗನಾಗಿದ್ದವನು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಟ್ಟರು.

ಕವರಿನ ಅದೃಷ್ಟ

ಹಾಗಂತ ಅದೃಷ್ಟವೇ ಇಲ್ಲ ಅನ್ನುವುದೂ ಬಡಾಯಿ. ತಾಲ್ಲೂಕಿನಲ್ಲಿ ಬಿಡಿಸುದ್ದಿ ಕಳಿಸುವ ಹುಡುಗನಿಗೆ ಪೆಟ್ರೋಲು ಕಾಸೂ ಹುಟ್ಟುವುದು ಕಷ್ಟ. ಮನೆಯಲ್ಲಿ ಅನ್ನಕ್ಕೆ ದಾರಿ ಇದ್ದವನು ನಾಲ್ಕು ದಿನ ಹೆಚ್ಚು ತಾಳುತ್ತಾನೆ. ಮಾಲೀಕರು ಇದನ್ನು ಯೋಚಿಸಬೇಕು. ಬರೀ "ಕಷ್ಟಪಡು" ಅಂದರೆ ಹೊಟ್ಟೆ ತುಂಬೀತೆ?

ಈ ಹಸಿವಿನ ಹೊತ್ತಿಗೇ ಪ್ರೆಸ್‌ಮೀಟಿನಲ್ಲಿ ಕವರು ಬರುತ್ತದೆ. ಅದೂ ಅದೃಷ್ಟದ ಹಾಗೇ ಕಾಣುತ್ತದೆ. ಆದರೆ ಕವರು ಜೇಬಿಗಿಳಿಸಿದ ಸುದ್ದಿ ಸಂತೆಗೆ ನಿಮಗಿಂತ ಮುಂಚೆ ಹೋಗಿರುತ್ತದೆ. ಆಮೇಲೆ ಯಾವ ಅಜ್ಜಿಯೂ ಸೆರಗಿನ ಗಂಟು ಬಿಚ್ಚುವುದಿಲ್ಲ.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಆರಕ್ಕೆ ಬಾಗಿಲು ತೆಗೆದು, ತೂಕ ಸರಿಯಾಗಿ ಕೊಟ್ಟ ಅಂಗಡಿಗೇ ಗಿರಾಕಿ ಬರುತ್ತಾರೆ. ನಮ್ಮ ಕಸುಬೂ ಅದೇ.

"ನಾಳೆ ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿಗೆ ಬಾ, ನೋಟ್‌ಬುಕ್ ತಾ" ಅಂತ ಹುಡುಗನಿಗೆ ಹೇಳಿದೆ. ಆರೂಕಾಲಿಗೆ ಬಂದ. ಪರವಾಗಿಲ್ಲ, ಬಂದನಲ್ಲ!

ಓದುಗರೇ, ಬಸ್ಸಿನಲ್ಲಿ ನಿಮ್ಮ ಪಕ್ಕ ನೋಟ್‌ಬುಕ್ ಹಿಡಿದ ಹುಡುಗ ಕೂತರೆ ನಿಮ್ಮೂರ ಬಿರುಕು ಗೋಡೆಯ ಕಥೆ ಹೇಳಿ. ಮಾರನೇ ದಿನ ಅವನು ಬಂದು ನೋಡಿದನೋ ಇಲ್ಲವೋ, ಅದನ್ನೂ ಗಮನಿಸಿ.